‘ವಿಜಿಲ್ಯಾಂಟಿ 8’ ಆಟದ ಪುನಾರಚನೆ: ಒಂದು ಪರಿಶೀಲನೆ

ಹಳೆಯ ಕೃತಿಯೊಂದನ್ನು ಪರಿಷ್ಕರಿಸಿ ಹೊರತಂದವನು ಮೂಲದಲ್ಲಿ ಏನನ್ನು ಉಳಿಸಿದನು, ಏನನ್ನು ಕೈಬಿಟ್ಟನು ಎಂದು ವಿಚಾರಿಸುವುದು ವಿಮರ್ಶೆಯ ಮೊದಲ ಕರ್ತವ್ಯ. ಕಾವ್ಯಕ್ಕೆ ಸಲ್ಲುವ ಈ ನಿಯಮವು ವಿಡಿಯೊ ಆಟಕ್ಕೂ ಸಲ್ಲುತ್ತದೆ. ಇತಿಹಾಸದ ಅಧ್ಯಾಪಕನಿಗೆ ಆಟದ ಗೊಡವೆಯೇಕೆಂದು ಕೆಲವರು ಕೇಳಬಹುದು. ಗತಕಾಲವನ್ನು ವಸ್ತುವಾಗಿ ಉಳ್ಳ ಯಾವ ರಚನೆಯೂ ನಮ್ಮ ಪರಿಶೀಲನೆಗೆ ಹೊರತಲ್ಲವೆಂಬುದೇ ಅದಕ್ಕೆ ಉತ್ತರ.

ಲಕ್ಸೊಫ್ಲಕ್ಸ್ ಎಂಬ ಅಮೆರಿಕದ ಸಂಸ್ಥೆಯು ರಚಿಸಿ, ಆಕ್ಟಿವಿಷನ್ ಸಂಸ್ಥೆಯು 1998ರಲ್ಲಿ ಪ್ರಕಟಿಸಿದ ‘ವಿಜಿಲ್ಯಾಂಟಿ 8’ ವಾಹನಕಾಳಗದ ಆಟ. ಕಾರು, ಬಸ್ಸು, ಟ್ರಕ್ಕುಗಳಿಗೆ ಕ್ಷಿಪಣಿಗಳನ್ನು ಬಿಗಿದುಕೊಂಡು ಚಾಲಕರು ಪರಸ್ಪರ ಹೊಡೆದಾಡುವುದು ಇದರ ಕ್ರಮ. ಕಾಲವು ಕಲ್ಪಿತವಾದ 1975. ಸ್ಥಳವು ಅಮೆರಿಕದ ಪಶ್ಚಿಮ ಪ್ರಾಂತ. ಜಗತ್ತಿನ ಎಣ್ಣೆಯನ್ನೆಲ್ಲ ತನ್ನ ಹಿಡಿತಕ್ಕೆ ತರಬಯಸುವ ಕೂಟವೊಂದು ಸಿಡ್ ಬರ್ನ್ ಎಂಬವನ ಮೂಲಕ ದೇಶದ ಆರ್ಥಿಕ ವ್ಯವಸ್ಥೆಯನ್ನು ಕೆಡಿಸಲು ಹೊರಡುತ್ತದೆ. ಅವನನ್ನು ಎದುರಿಸುವವರ ನಾಯಕ ಕಾನ್ವಾಯ್ ಎಂಬ ಟ್ರಕ್ ಚಾಲಕ.

ಈ ಕಲ್ಪನೆಯ ಹಿಂದೆ ನೈಜ ಘಟನೆಗಳಿವೆ. 1973ರ ಅಕ್ಟೋಬರ್ ಯುದ್ಧದಲ್ಲಿ ಇಸ್ರೇಲಿಗೆ ನೆರವಾದ ಅಮೆರಿಕಕ್ಕೆ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ವಿಧಿಸಿದುವು. ಪೀಪಾಯಿಗೆ ಸುಮಾರು 3 ಡಾಲರಿದ್ದ ಬೆಲೆಯು 1974ರ ಆರಂಭಕ್ಕೆ 11 ಡಾಲರನ್ನು ಮೀರಿತು. ಹೆದ್ದಾರಿಗಳಲ್ಲಿ ಗಂಟೆಗೆ 55 ಮೈಲಿಯ ವೇಗಮಿತಿಯು ಜಾರಿಗೆ ಬಂದಿತು. ದುಬಾರಿ ಎಣ್ಣೆಯಿಂದ ನೊಂದ ಸ್ವತಂತ್ರ ಟ್ರಕ್ ಚಾಲಕರು 1973ರ ಡಿಸೆಂಬರಿನಲ್ಲಿ ಹೆದ್ದಾರಿಗಳಿಗೆ ಅಡ್ಡ ನಿಂತರು. 1974ರ ಆರಂಭದ ಮುಷ್ಕರದಲ್ಲಿ, ಓಡಾಡುತ್ತಿದ್ದ ಟ್ರಕ್ಕುಗಳ ಮೇಲೆ ಗುಂಡು ಹಾರಿದ ಪ್ರಸಂಗಗಳೂ ನಡೆದುವು. ಎಂದ ಮೇಲೆ ರಸ್ತೆಯೇ ರಣರಂಗವಾಗುವ ಚಿತ್ರವು ಕೇವಲ ಹುಡುಗಾಟದ ಕಲ್ಪನೆಯಲ್ಲ.

ಮೂಲಕೃತಿಯು ನಿರ್ದೋಷವೆಂದು ಇದರ ಅರ್ಥವಲ್ಲ. ಅಮೆರಿಕದ ಸ್ವಂತ ತೈಲೋತ್ಪಾದನೆಯು 1970ರಲ್ಲಿ ಶಿಖರವನ್ನು ಮುಟ್ಟಿ ಇಳಿಯತೊಡಗಿತ್ತು. ಆಮದಿನ ಅವಲಂಬನೆ ಬೆಳೆದಿತ್ತು. ಇಂತಹ ಹಲವು ಕಾರಣಗಳ ಸ್ಥಾನದಲ್ಲಿ ಒಬ್ಬ ಖಳನನ್ನು ನಿಲ್ಲಿಸುವುದು ಇತಿಹಾಸವನ್ನು ಪುರಾಣವಾಗಿಸುವ ಸುಲಭಮಾರ್ಗ. ಆದರೂ ಕಾಳಗಕ್ಕೊಂದು ಕಾರಣವುಂಟು ಎಂಬುದನ್ನು ಆ ಆಟವು ಮರೆಯಲಿಲ್ಲ. ಯಾವುದನ್ನು ಕಾಯಬೇಕು, ಯಾವುದನ್ನು ಕೆಡವಬೇಕು ಎಂಬ ಕರ್ತವ್ಯವು ಚಾಲಕನು ಸೇರಿದ ಪಕ್ಷವನ್ನು ಅನುಸರಿಸಿ ಬದಲಾಗುತ್ತಿತ್ತು.

2008ರ ನವೆಂಬರಿನಲ್ಲಿ ಇದರ ಪುನಾರಚನೆಯು ‘ವಿಜಿಲ್ಯಾಂಟಿ 8 ಆರ್ಕೇಡ್’ ಎಂಬ ಹೆಸರಿನಿಂದ, ಎಕ್ಸ್‌ಬಾಕ್ಸ್ 360 ಯಂತ್ರಕ್ಕೆ ಡೌನ್‌ಲೋಡ್ ಮಾಡಿಕೊಳ್ಳುವ ರೂಪದಲ್ಲಿ ಹೊರಬಂದಿತು. ರಚಿಸಿದ ಐಸೊಪಾಡ್ ಲ್ಯಾಬ್ಸ್ ಸಂಸ್ಥೆಯಲ್ಲಿ ಮೂಲಕರ್ತೃಗಳೇ ಕೆಲವರಿದ್ದರು. ಚಿತ್ರಗಳು ನಿಚ್ಚಳವಾದುವು, ದೂರದಲ್ಲಿರುವವರೊಡನೆ ಅಂತರಜಾಲದ ಮೂಲಕ ಆಡುವ ಸೌಕರ್ಯವು ದೊರೆಯಿತು. ಇವು ನಿಜವಾದ ಗುಣಗಳು. ಆದರೆ ಪ್ರತಿಯೊಬ್ಬ ಚಾಲಕನ ಕಥೆಯನ್ನು ಹೇಳುತ್ತಿದ್ದ ಭಾಗವೇ ಲುಪ್ತವಾಯಿತು. ವಾಹನ ಉಳಿಯಿತು, ಗುಂಡು ಉಳಿಯಿತು, ಕಾರಣ ಅಳಿಯಿತು.

ಆಟಕ್ಕೆ ಕಾಳಗವೇ ಜೀವಾಳ, ಕಥೆಯು ಬರಿಯ ಅಲಂಕಾರ ಎಂದು ಇದಕ್ಕೆ ಸಮಾಧಾನ ಹೇಳುವುದುಂಟು. ಈ ವಾದವು ಒಪ್ಪತಕ್ಕದ್ದಲ್ಲ. ಕಾರಣವಿಲ್ಲದ ಯುದ್ಧದಲ್ಲಿ ಎಪ್ಪತ್ತರ ದಶಕವು ಕೇವಲ ವೇಷವಾಗುತ್ತದೆ. ಆ ಕಾಲದ ಕಾರುಗಳ ಬೆಡಗನ್ನು ಕಂಡವನು, ಅವುಗಳಿಗೆ ಎಣ್ಣೆ ಸಿಗದೆ ಹೋದ ಸಂಕಟವನ್ನು ಕಾಣಲಾರನು.

ಇನ್ನೊಂದು ಸಂಗತಿಯನ್ನು ಆಕರಗಳ ಸಂರಕ್ಷಣೆಯಲ್ಲಿ ಆಸಕ್ತರಾದವರು ಗಮನಿಸಬೇಕು. ಲಿಪಿಕಾರನು ಬಿಟ್ಟ ಸಾಲನ್ನು ಮತ್ತೊಂದು ಓಲೆಪ್ರತಿಯಿಂದ ತುಂಬಿಕೊಳ್ಳಬಹುದು. 1998ರ ಆಟದ ಸಿ.ಡಿ.ಯೂ ಅಂತೆಯೇ ಕೈಯಿಂದ ಕೈಗೆ ಸಾಗಬಲ್ಲದು. ಡೌನ್‌ಲೋಡಿಗೆ ಈ ಭಾಗ್ಯವಿಲ್ಲ. ಎಕ್ಸ್‌ಬಾಕ್ಸ್ 360ರ ಜಾಲಮಳಿಗೆಯು 2024ರ ಜುಲೈ 29ರಂದು ಮುಚ್ಚಿತು. ಮೊದಲೇ ಕೊಂಡವರು ತಮ್ಮ ಪ್ರತಿಯನ್ನು ಮರಳಿ ಪಡೆಯಬಹುದಾದರೂ ಹೊಸಬರಿಗೆ ಅಲ್ಲಿ ಬಾಗಿಲಿಲ್ಲ. ಹಳೆಯದನ್ನು ಉಳಿಸಲೆಂದು ಬಂದ ಹೊಸದು ಹಳೆಯದಕ್ಕಿಂತ ಮೊದಲೇ ದುರ್ಲಭವಾಗುವ ಸಂಭವವಿದೆ.

ಪುನಾರಚನೆಯೆಂಬುದು ಗತಕಾಲದ ವ್ಯಾಖ್ಯಾನವೂ ಹೌದು. ರೂಪವನ್ನು ಉಳಿಸಿ ಕಾರಣವನ್ನು ಬಿಡುವ ವ್ಯಾಖ್ಯಾನಕಾರನು, ಎಷ್ಟೇ ಕುಶಲನಾದರೂ, ಓದುಗನಿಗೆ ಅರ್ಧವನ್ನೇ ಕೊಟ್ಟಂತಾಗುತ್ತದೆ. ಈ ಆಟವನ್ನು ಕಲಿಯಬಯಸುವ ವಿದ್ಯಾರ್ಥಿಯು ಮೂಲದಿಂದಲೇ ಆರಂಭಿಸುವುದು ಯುಕ್ತ. ಆಡುತ್ತ, ಈ ಜನ ಏತಕ್ಕಾಗಿ ಹೋರಾಡುತ್ತಿದ್ದಾರೆಂದು ಕೇಳಿಕೊಳ್ಳುವುದು ಇನ್ನೂ ಯುಕ್ತ.