ಫೈರ್‌ಫಾಕ್ಸ್ ಪ್ರೊಫೈಲ್‌ನ ಅಚ್ಚುಕಟ್ಟು

ನಿಪ್ಪಾಣಿ, ಕಾಗವಾಡದ ಕಡೆ ಒಂದೇ ಮನೆಯಲ್ಲಿ ಕನ್ನಡವೂ ಮರಾಠಿಯೂ ನಡೆಯುತ್ತವೆ. ಲಿನಕ್ಸ್ ಹಾಕಿದ ಒಂದೇ ಕಂಪ್ಯೂಟರಿನಲ್ಲಿ ಅಣ್ಣನಿಗೆ ಕನ್ನಡ ಪುಟ ಮೊದಲು ಬರಬೇಕು, ವೈನಿಗೆ ಮರಾಠಿ. ಫೈರ್‌ಫಾಕ್ಸ್‌ನಲ್ಲಿ ಇಬ್ಬರಿಗೂ ಬೇರೆ ಬೇರೆ ಪ್ರೊಫೈಲ್ ಮಾಡಿಕೊಟ್ಟರೆ ಮುಗಿಯಿತು. ಭಾಷೆ, ಪಾಸ್‌ವರ್ಡ್, ಬುಕ್‌ಮಾರ್ಕ್, ಕುಕೀ ಯಾವುದೂ ಒಂದಕ್ಕೊಂದು ಬೆರೆಯುವುದಿಲ್ಲ. 2004ರ ಮೊದಲ ಆವೃತ್ತಿಯಿಂದಲೂ ಇರುವ ಈ ಏರ್ಪಾಡು ನನಗೆ ಬಹಳ ಮೆಚ್ಚು.

ಅದರ ಬೆಲೆ ತಿಳಿಯುವುದು ವಿಡಿಯೊ ನಿಂತಾಗ. ಅಥಣಿಯಲ್ಲಾಗಲಿ ರಾಯಬಾಗದಲ್ಲಾಗಲಿ, ಮಕ್ಕಳ ಪಾಠದ ವಿಡಿಯೊ ಸುಮ್ಮನೆ ಸುತ್ತತೊಡಗಿದರೆ ಎಲ್ಲರೂ ಮೊದಲು ಬೈಯುವುದು ನೆಟ್‌ವರ್ಕನ್ನೇ. ಹೊಸದೊಂದು ಪ್ರೊಫೈಲ್ ತೆರೆದು ಅದೇ ವಿಡಿಯೊ ಹಚ್ಚಿ ನೋಡಿ. ಓಡಿದರೆ ತಪ್ಪು ಲೈನಿನದ್ದಲ್ಲ. ಹಳೆಯ ಪ್ರೊಫೈಲ್‌ನ ಎಕ್ಸ್‌ಟೆನ್ಶನ್, ಕುಕೀ, ಕ್ಯಾಶ್ ಅಥವಾ ಸೆಟ್ಟಿಂಗಿನದ್ದು. ಹಣ ಕಟ್ಟಿ ನೋಡುವ ಸಿನಿಮಾ ಮಾತ್ರ ಓಡದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಡಿಆರ್‌ಎಂ ಆನ್ ಇದೆಯೇ ನೋಡಬೇಕು.

ವಿಳಾಸದ ಪಟ್ಟಿಯಲ್ಲಿ ಅಬೌಟ್, ಕೋಲನ್, ಪ್ರೊಫೈಲ್ಸ್ ಎಂದು ಇಂಗ್ಲಿಷಿನಲ್ಲಿ ಹೊಡೆದರೆ ಪ್ರತಿ ಪ್ರೊಫೈಲ್‌ಗೂ ಎರಡು ಜಾಗ ಕಾಣುತ್ತವೆ. ರೂಟ್ ಡೈರೆಕ್ಟರಿಯಲ್ಲಿ ಬುಕ್‌ಮಾರ್ಕು, ಪಾಸ್‌ವರ್ಡು. ಲೋಕಲ್ ಡೈರೆಕ್ಟರಿಯಲ್ಲಿ ಬರೀ ಕ್ಯಾಶ್. ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ. ಕ್ಯಾಶ್ ಅಳಿಸಿದರೆ ಒಂದು ಪಾಸ್‌ವರ್ಡೂ ಹೋಗುವುದಿಲ್ಲ. ಹಾಗೆ ಬೇರ್ಪಡಿಸಿದವರ ವಿವೇಕ ದೊಡ್ಡದು.

ಚಿಕ್ಕೋಡಿಯ ಆನ್‌ಲೈನ್ ಅಂಗಡಿಯವರಿಗೂ ನನ್ನದೊಂದು ವಿನಂತಿ: ಏನನ್ನಾದರೂ ಅಳಿಸುವ ಮುಂಚೆ ಬ್ರೌಸರ್ ಮುಚ್ಚಿ, ರೂಟ್ ಡೈರೆಕ್ಟರಿಯನ್ನು ಪೆನ್‌ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳಿ.