‘ಸಮುದಾಯದ ಸಮ್ಮತಿ’ ಯಾರದು?

ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯವನ್ನು ನಿರ್ಮೂಲಗೊಳಿಸಲು ವಿಶ್ವಸಂಸ್ಥೆ 1979ರಲ್ಲಿ ಅಂಗೀಕರಿಸಿದ ಒಡಂಬಡಿಕೆಯನ್ನು ಭಾರತವು 1993ರಲ್ಲಿ ಅನುಮೋದಿಸಿತು. ಆದರೆ ರೂಢಿಗಳ ತಿದ್ದುಪಡಿಯನ್ನು ಕೋರುವ 5(ಎ), ಕುಟುಂಬದಲ್ಲಿ ಸಮಾನತೆಯನ್ನು ಕೋರುವ 16(1)ನೆಯ ವಿಧಿಗಳಿಗೆ ಒಂದು ಘೋಷಣೆಯನ್ನು ಲಗತ್ತಿಸಿತು: ಯಾವುದೇ ಸಮುದಾಯವು ತಾನಾಗಿ ಮುಂದೆ ಬಂದು ಸಮ್ಮತಿಸದ ಹೊರತು ಅದರ ವೈಯಕ್ತಿಕ ವ್ಯವಹಾರಗಳಲ್ಲಿ ಕೈಹಾಕುವುದಿಲ್ಲ. ಧಾರ್ಮಿಕ ಸ್ವಾತಂತ್ರ್ಯದ ರಕ್ಷಣೆಯೆಂದು ನಾವು ಇದನ್ನು ಸುಲಭವಾಗಿ ಒಪ್ಪಿಬಿಡುತ್ತೇವೆ. ಈ ವಾಕ್ಯದ ದೋಷ ಅದು ಹೇಳದೆ ಬಿಟ್ಟುದರಲ್ಲಿದೆ: ಸಮುದಾಯದ ಪರವಾಗಿ ಸಮ್ಮತಿಸುವವರು ಯಾರು?

ಸಂಖ್ಯಾಕಾಂಡ 27ರಲ್ಲಿ ಐವರು ಸೋದರಿಯರು ತಾವೇ ಮೋಶೆಯ ಮುಂದೆ ನಿಂತು ತಂದೆಯ ಸೊತ್ತನ್ನು ಕೇಳಿದರು. ಅವರ ಮಾತು ನ್ಯಾಯವಾದುದೆಂದು ದೇವರೇ ನುಡಿದರು. 36ರಲ್ಲಿ ಕುಲದ ಮುಖಂಡರು ಬಂದು ಆಕ್ಷೇಪಿಸಿದ ಮೇಲೆ, ಭೂಮಿ ಕುಲದಾಚೆ ಹೋಗದಂತೆ ಆ ಸೋದರಿಯರ ವಿವಾಹಕ್ಕೆ ಕಟ್ಟು ಬಿತ್ತು. ಅಲ್ಲಿ ಅವರದೊಂದು ಮಾತೂ ದಾಖಲಾಗಿಲ್ಲ. ನಮ್ಮ ಪ್ರಬೋಧನೆಗಳು ಮಾತ್ರ 27ರಲ್ಲೇ ನಿಂತುಬಿಡುತ್ತವೆ.

1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಮರಣಶಾಸನವಿಲ್ಲದೆ ತೀರಿಕೊಂಡ ಕ್ರೈಸ್ತನ ಮಗನಿಗೂ ಮಗಳಿಗೂ ಸಮಪಾಲು ಕೊಡುತ್ತದೆ. ಬೀದರ ನಗರದಲ್ಲಾಗಲಿ, ಭಾಲ್ಕಿ, ಔರಾದಿನ ಹಳ್ಳಿಗಳಲ್ಲಾಗಲಿ, ತವರಿನ ನಂಟು ಕಡಿದೀತೆಂಬ ಅಂಜಿಕೆಯಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಸೋದರಿಯ ಮೌನವನ್ನು ನಾವು ಸಮ್ಮತಿಯೆಂದೇ ಓದುತ್ತೇವೆ. ಅದನ್ನು ತ್ಯಾಗವೆಂದು ಬೋಧನಪೀಠದಿಂದ ಹೊಗಳಿದವರೂ ನಾವೇ.