ಒಂದು ಅಂಕದ ಉತ್ತರ

ಕಾರ್ಕಳದಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಕೈಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡು. ನಮ್ಮ ಸಂವಿಧಾನಕ್ಕೆ ಯಾವ ದೇಶದಿಂದ ಏನು ಬಂತು ಎಂಬ ಪಟ್ಟಿಯಲ್ಲಿ ಒಂದು ಸಾಲು ತೋರಿಸಿದಳು: ತುರ್ತು ಪರಿಸ್ಥಿತಿಯಲ್ಲಿ ಮೂಲಭೂತ ಹಕ್ಕುಗಳ ಅಮಾನತು, ಜರ್ಮನಿಯ ವೈಮರ್ ಸಂವಿಧಾನದಿಂದ.

“ಇದು ನೀವೇ ಬಾಯಿಪಾಠ ಮಾಡಿಸಿದ್ದು ಟೀಚರ್. ಆದರೆ ಆ ವೈಮರ್ ಉಳಿಯಲೇ ಇಲ್ಲವಲ್ಲ, ಅಲ್ಲಿಂದ ಯಾಕೆ ತಂದರು?”

ಹಿರಿಯಡ್ಕ ದಾಟಿದರೂ ನನಗೆ ಉತ್ತರ ಹೊಳೆಯಲಿಲ್ಲ. ಅವಳು ಮಣಿಪಾಲದಲ್ಲಿ ಇಳಿದು ಹೋದಳು.

ಇಂಥ ಪಟ್ಟಿಗಳ ಮೇಲೆ ನನ್ನ ಆಕ್ಷೇಪವೇ ಇದು. ಅವು ಎಲ್ಲಿಂದ ತಂದರು ಎನ್ನುತ್ತವೆ. ಅಲ್ಲಿ ಅದರಿಂದ ಏನಾಯಿತು ಎನ್ನುವುದಿಲ್ಲ.

ಯುದ್ಧದಲ್ಲಿ ಸೋತ ಜರ್ಮನಿಗೆ 1919ರಲ್ಲಿ ಹೊಸ ಸಂವಿಧಾನ ಬಂತು. ಅದೇ ವರ್ಷದ ಜನವರಿಯಲ್ಲಿ ಅಲ್ಲಿನ ಹೆಂಗಸರು ಮೊದಲ ಬಾರಿಗೆ ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕಿದ್ದರು. ಆ ಗಣರಾಜ್ಯದ ಪತನಕ್ಕೆ ಪಾಠಪುಸ್ತಕಗಳು ವರ್ಸೇಲ್ಸ್ ಒಪ್ಪಂದ, ಹಣದುಬ್ಬರ, ನಿರುದ್ಯೋಗ ಎಂದು ಕಾರಣ ಕೊಡುತ್ತವೆ. ಸುಳ್ಳಲ್ಲ. ಆದರೆ 1923ರ ಭಯಂಕರ ಹಣದುಬ್ಬರವನ್ನು ಅದು ದಾಟಿ ಬದುಕಿತ್ತು. ದಾಟಲಾಗದ್ದು ತನ್ನದೇ 48ನೆಯ ವಿಧಿಯನ್ನು. ಅಧ್ಯಕ್ಷರು ಸುಗ್ರೀವಾಜ್ಞೆಯಿಂದ ಆಳಲು, ಹಕ್ಕುಗಳನ್ನು ತಡೆಹಿಡಿಯಲು ಅದರಲ್ಲಿ ಅವಕಾಶವಿತ್ತು. 1930ರಲ್ಲಿ ಸಂಸತ್ತು ಇಂಥ ಆಜ್ಞೆಯನ್ನು ರದ್ದುಮಾಡಿದಾಗ ಅಧ್ಯಕ್ಷ ಹಿಂಡೆನ್‌ಬರ್ಗ್ ಸಂಸತ್ತನ್ನೇ ವಿಸರ್ಜಿಸಿದರು. ಅನಂತರದ ಚುನಾವಣೆಯಲ್ಲಿ ನಾಜಿಗಳ ಸ್ಥಾನ 12ರಿಂದ 107ಕ್ಕೆ ಏರಿತು. 1933ರ ಫೆಬ್ರವರಿ 28ರಂದು ಹಿಟ್ಲರನ ಸರಕಾರ ಅದೇ ವಿಧಿಯ ಬಲದಿಂದ ಹಕ್ಕುಗಳನ್ನೆಲ್ಲ ಕಿತ್ತುಕೊಂಡಿತು. ಆಪತ್ತಿಗೆಂದು ಇಟ್ಟ ಕೀಲಿಕೈಯನ್ನು ದಿನಬಳಕೆಗೆ ತಂದರೆ ಮನೆಗೆ ಬೀಗವಿದ್ದೂ ಏನು ಫಲ?

ಇದನ್ನು ನಮ್ಮ ಸಂವಿಧಾನ ಸಭೆಯಲ್ಲಿ 1949ರ ಆಗಸ್ಟ್‌ನಲ್ಲಿ ಎತ್ತಿ ಹೇಳಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ತುರ್ತು ಪರಿಸ್ಥಿತಿಯ ಅಧ್ಯಾಯಕ್ಕೆ ಹತ್ತಿರದ ಹೋಲಿಕೆ ವೈಮರ್ ಸಂವಿಧಾನದಲ್ಲಿದೆ, ಹಿಟ್ಲರ್ ಅಂಥ ವಿಧಿಗಳಿಂದಲೇ ಅದನ್ನು ನಾಶಮಾಡಿದ ಎಂದು ಎಚ್ಚರಿಸಿದರು. ದೇಶ ವಿಭಜನೆಯ ಗಾಯ ಹಸಿಯಾಗಿದ್ದ ಕಾಲ. ಬಲವಾದ ಕೇಂದ್ರ ಬೇಕೆಂದವರ ಭಯವೂ ಸುಳ್ಳಾಗಿರಲಿಲ್ಲ. ಅಧ್ಯಾಯ ಅಂಗೀಕಾರವಾಯಿತು.

1975ರ ಜೂನ್ 25ರಂದು ಆ ಕೀಲಿಕೈ ಹೊರಬಂತು. ನಾನು ಪುಟ್ಟ ಹುಡುಗಿ. ಕಾಪುವಿನ ಅಜ್ಜನ ಮನೆಯ ಚಾವಡಿಯಲ್ಲಿ ಹಿರಿಯರು ಸುದ್ದಿ ಮಾತಾಡುವಾಗ ದನಿ ತಗ್ಗಿಸುತ್ತಿದ್ದುದಷ್ಟೇ ನೆನಪು. ಬಂಧಿತರು ಬಿಡುಗಡೆ ಕೋರಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂದು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟೇ ಹೇಳಿತು. ಆದರೆ ಇಲ್ಲಿ 1977ರಲ್ಲಿ ಚುನಾವಣೆ ನಡೆಯಿತು, ಸರಕಾರ ಬದಲಾಯಿತು. ಜೀವದ ಹಾಗೂ ವ್ಯಕ್ತಿ ಸ್ವಾತಂತ್ರ್ಯದ ಹಕ್ಕನ್ನು ಎಂಥ ತುರ್ತಿನಲ್ಲೂ ಅಮಾನತು ಮಾಡುವಂತಿಲ್ಲ ಎಂದು 1978ರ 44ನೆಯ ತಿದ್ದುಪಡಿ ಹೇಳಿತು. ಕಾಮತರ ಮಾತು ಅರ್ಧವಾದರೂ ನಡೆಯಿತು, ಇಪ್ಪತ್ತೊಂಬತ್ತು ವರ್ಷ ತಡವಾಗಿ.

ಇಷ್ಟೆಲ್ಲವನ್ನು ಒಂದು ಅಂಕಕ್ಕೆ ಕುಗ್ಗಿಸಿ ವರ್ಷಗಟ್ಟಲೆ ಕಲಿಸಿದವಳು ನಾನೇ. ಈಗ ಆ ಪಾಠ ಬಂದಾಗ ಮೊದಲು ಕಾಮತರ ಆಕ್ಷೇಪ ಹೇಳುತ್ತೇನೆ, ಉತ್ತರ ಆಮೇಲೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ. ಆದರೆ ಈ ಮಕ್ಕಳು ನಾಳೆ ಮತ ಹಾಕುವವರು.